ಗಂಟೆಗೆ ಎಷ್ಟು

ಸುತ್ತುತ್ತಿದೆ, ಇನ್ನೂ ಸುತ್ತುತ್ತಲೇ ಇದೆ ಫೋನಿನ ಪರದೆಯ ಮೇಲಿನ ಆ ಹಸಿರು ಬಳೆ, ಸಂಪರ್ಕಿಸಲಾಗುತ್ತಿದೆ ಎಂದು ಕೆಳಗೆ ಬರೆದುಕೊಂಡು, ಯಾವ ಲೋಕ ಸುತ್ತಿ ಬರಲು ಹೋಗಿದ್ದೀಯೋ ಪುಣ್ಯಾತ್ಮಾ, ನಾನು ಕರೆದದ್ದು ಸಮುದ್ರದಾಚೆಗಲ್ಲ, ಈ ಗಾಜಿನ ಗೋಡೆಯ ಆಚೆ ಆಫೀಸಿನಲ್ಲಿ ಕೂತಿರುವ ನನ್ನ ಅಪ್ಪನಿಗೆ, ಅದೋ ಕಾಣುತ್ತಿದ್ದಾನೆ, ತಮ್ಮನ ದಪ್ಪ ಹೆಡ್‌ಫೋನನ್ನು ತಲೆಗೆ ಸಿಕ್ಕಿಸಿಕೊಂಡು, ಹೆಲಿಕಾಪ್ಟರ್ ಹಾರಿಸಲು ಹೊರಟವನ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡು, ಅವನಿಗೂ ನನಗೂ ನಡುವೆ ಇರುವುದು ಒಂದು ಗಾಜು, ಆದರೂ ನನ್ನ ದನಿ ಮೊದಲು ಆಕಾಶಕ್ಕೆ ಹೋಗಿ, ಯಾವುದೋ ದೇಶದ ತಣ್ಣನೆಯ ಕೋಣೆಯಲ್ಲಿನ ಪೆಟ್ಟಿಗೆಯೊಳಗೆ ತಲೆ ಹಾಕಿ, ಅಲ್ಲಿಂದ ತಿರುಗಿ ಬಂದು ಅವನ ಕಿವಿಗೆ ಬೀಳಬೇಕು — ಲೇತಿನ ಕಿರುಚಾಟ ಆಫೀಸಿಗೆ ನುಗ್ಗಬಾರದೆಂದು ಅಪ್ಪನೇ ಹಾಕಿಸಿದ ಎರಡು ಪದರದ ಗಾಜು, ಈಚೆ ಗಂಟೆ ಹೊಡೆದರೆ ಆಚೆ ಸೊಳ್ಳೆಯಷ್ಟೂ ಕೇಳುವುದಿಲ್ಲ, ಅದಕ್ಕೇ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲ, ನಾನು ಇಲ್ಲಿ ಸ್ವರದ ಕೋಣೆಯಲ್ಲಿ, ಮುಂದೆ ಕಬ್ಬಿಣದ ಚೌಕಟ್ಟಿಗೆ ತೂಗುಹಾಕಿದ ಎರಡು ಗಂಟೆ, ಒಂದು ಹಳೆಯದು, ಒಂದು ಹೊಸದು, ಕೈಯಲ್ಲಿ ಮರದ ಕೊಡತಿ. ಮಧ್ಯಾಹ್ನ ಹಡಗಿನಮ್ಮ ಫೋನ್ ಮಾಡುತ್ತಾಳೆ, ಅಷ್ಟರೊಳಗೆ ಅವಳ ಕರೆಯನ್ನು ಮೂರು ಇಂಟರ್ನೆಟ್ ಫೋನ್ ಸೇವೆಗಳಲ್ಲಿ ಯಾವುದರಲ್ಲಿ ತೆಗೆದುಕೊಳ್ಳಬೇಕೆಂದು ತೀರ್ಮಾನವಾಗಬೇಕು, ಹಡಗಿನಮ್ಮ ಅಂದರೆ ಹಡಗು ಕಂಪನಿಗೆ ಸಾಮಾನು ಕೊಳ್ಳುವವಳು, ಅವಳಿಗೊಂದು ನಿಜವಾದ ಹೆಸರಿದೆ, ತಮ್ಮನ ಬಾಯಲ್ಲಿ ಅದು ನಿಲ್ಲಲಿಲ್ಲ, ಅವಳ ಹಳೆಯ ಹಡಗುಗಳಲ್ಲೆಲ್ಲ ಇರುವುದು ಅಪ್ಪ ಎರೆದ ಗಂಟೆ, ಹೊಸ ಹಡಗುಗಳಿಗೂ ಅದೇ ಸ್ವರ ಬೇಕು, ಮಂಜಿನಲ್ಲಿ ಕಣ್ಣು ಕಾಣದಿದ್ದಾಗ ಇದು ನಮ್ಮವರದೇ ಎಂದು ಗೊತ್ತಾಗಬೇಕಂತೆ, ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ಹೊಡೆದು ಕೇಳಿಸಿ, ಕೇಳಿ ಆರ್ಡರ್ ಕೊಡುತ್ತೇನೆ ಅಂದಿದ್ದಾಳೆ, ರೆಕಾರ್ಡ್ ಮಾಡಿ ಕಳಿಸಲಾ ಅಂದರೆ ನಕ್ಕಳು, ರೆಕಾರ್ಡ್ ಮಾಡಿದ ಗಂಟೆ ಎಲ್ಲರದ್ದೂ ಚೆನ್ನಾಗಿರುತ್ತೆ ಅಂದಳು, ಹೆಂಗಸು ನನ್ನಂಥವಳೇ. ಈ ಆರ್ಡರ್ ಹೋದರೆ ನಮ್ಮ ಕುಲುಮೆ ಬಾಗಿಲ ಹಿಡಿಕೆಗಳನ್ನು ಎರೆದುಕೊಂಡು ಕೂರಬೇಕು, ಜಗತ್ತಿನಲ್ಲಿ ಬಾಗಿಲುಗಳಿಗೆ ಬರವಿಲ್ಲ, ಆದರೂ.

ಟಿಣ್ ಅಂತು, ಸಂಪರ್ಕ ಸಿಕ್ಕಿತು. ಅಪ್ಪಾ, ಕೇಳಿಸ್ತಾ, ಅಂದೆ, ಆಚೆ ತುಟಿ ಅಲ್ಲಾಡಿತು, ಒಂದು ಕ್ಷಣ ತಡವಾಗಿ ದನಿ ಬಂತು, ಕೇಳ್ದೇ ಏನು, ಹೊಡಿ. ಹೊಡೆದೆ. ಗಾಜಿನ ಆಚೆ ಅಪ್ಪನ ಗದ್ದ ಒಮ್ಮೆ ಕೆಳಗೆ, ಒಮ್ಮೆ ಮೇಲೆ. ಅಷ್ಟೇ. ಆ ಒಂದು ಆಡಿಸುವಿಕೆಗಾಗಿಯೇ ಈ ಕುಲುಮೆ ಇಷ್ಟು ವರ್ಷ ಕಾದು ನಿಂತದ್ದು, ಗದ್ದ ಕೆಳಗೆ ಹೋಗಿ ಮೇಲೆ ಬಂದರೆ ಗಂಟೆ ಪೆಟ್ಟಿಗೆಗೆ, ಬರದಿದ್ದರೆ ಮತ್ತೆ ಲೇತಿಗೆ, ಅದೂ ಆಗದಿದ್ದರೆ ಮೂಸೆಗೆ, ಆಮೇಲೆ ಯಾರೂ ಕಿವಿ ಕೊಟ್ಟು ಕೇಳುವುದಿಲ್ಲ, ನಾನಂತೂ ಕೇಳುವುದೇ ಇಲ್ಲ, ಸ್ವರ ನನ್ನ ಇಲಾಖೆಯಲ್ಲ, ನನ್ನದು ಬಿಲ್ಲು, ಬಂದರು, ಫೋನು. ಚೆನ್ನಾಗಿದೆ ಅಂದ ಅಪ್ಪ. ಚೆನ್ನಾಗಿರೋದಕ್ಕೆ ಸಾಧ್ಯವೇ ಇಲ್ಲ, ಇದು ಮೊದಲನೆಯ ಸೇವೆ, ತಮ್ಮ ತಂದು ಕಟ್ಟಿದ್ದು, ಎಲ್ಲಕ್ಕಿಂತ ಅಗ್ಗದ್ದು, ಹಡಗಿನಮ್ಮ ಹೋದ ಸಲ ಇದರಲ್ಲೇ ಮಾತಾಡಿದಳು, ಹೊಡೆಯುತ್ತಿದ್ದೇನೆ ಕೇಳಿ ಎಂದು ಹೇಳಿ ಇದೇ ಹಳೆಯ ಗಂಟೆಯನ್ನು ಹೊಡೆದೆ, ಹೊಡೆದು ನಾದ ಪೂರ್ತಿ ಆರುವ ತನಕ ಕಾದು, ಹೇಗಿದೆ ಅಂದರೆ, ಹೊಡೆದಿರಾ ಅಂದಳು, ನೀವು ಮಾತು ನಿಲ್ಲಿಸಿದ್ದು ಮಾತ್ರ ಕೇಳಿಸಿತು.

ತಮ್ಮ ಆ ಸೇವೆಯನ್ನು ತಂದ ಕಥೆ ಬೇರೆ. ನಯವಾದ ದನಿಯವನೊಬ್ಬ ಫೋನ್ ಮಾಡಿದ್ದ, ಸಾರ್, ವಿದೇಶಿ ಕರೆಗಳಿಗೆ ನಮ್ಮಷ್ಟು ಅಗ್ಗ ಇನ್ಯಾರೂ ಇಲ್ಲ, ತಿಂಗಳಿಗೆ ನಿಮಗೆ ಎಷ್ಟು ಗಂಟೆ ಬೇಕಾಗುತ್ತೆ. ನಮಗ್ಯಾಕೆ ಬೇಕು, ನಾವೇ ಮಾಡ್ತೀವಲ್ಲ, ಅಂದಿದ್ದಾನೆ ನನ್ನ ತಮ್ಮ, ಎರಕದ ಮಣ್ಣು ಮೆತ್ತಿದ ಕೈಯಲ್ಲಿ ಫೋನ್ ಹಿಡಿದುಕೊಂಡು. ಅದೇ ಸಾರ್, ಎಷ್ಟು ಮಾಡ್ತೀರಾ. ದೊಡ್ಡದೋ ಚಿಕ್ಕದೋ. ಎರಡೂ ಸೇರಿಸಿ ಹೇಳಿ ಸಾರ್. ಸೇರಿಸಿದ್ರೆ ಅರವತ್ತು, ಆರ್ಡರ್ ಬಂದ್ರೆ ನೂರೂ ದಾಟುತ್ತೆ. ನೂರು ಗಂಟೆ, ಸಾರ್, ನೀವು ದೊಡ್ಡ ಪಾರ್ಟಿ. ಏನೋ ನಿಮ್ಮ ಆಶೀರ್ವಾದ. ಮಧ್ಯದಲ್ಲಿ ಕಟ್ ಆದ್ರೆ ಆ ಗಂಟೆ ದುಡ್ಡು ವಾಪಸ್ ಕೊಡ್ತೀವಿ ಸಾರ್. ಒಡೆದುಹೋದ ಗಂಟೆಗೆ ನೀವ್ಯಾಕ್ರೀ ದುಡ್ಡು ಕೊಡ್ತೀರಾ, ಅಂತ ಕೇಳಿ ತಮ್ಮ ಕರಗಿಹೋಗಿದ್ದಾನೆ, ಇಂಥ ಮನುಷ್ಯರೂ ಇದ್ದಾರಲ್ಲ ಅಕ್ಕಾ ಅಂತ ಊಟಕ್ಕೆ ಕೂತಾಗ ಹೇಳಿದ, ನಾನು ಅನ್ನದ ತುತ್ತು ಕೈಯಲ್ಲಿ ಹಿಡಿದುಕೊಂಡೇ ಕೇಳಿದೆ, ಅವನು ಕೇಳಿದ್ದು ಯಾವ ಗಂಟೆ ಕಣೋ. ಗಂಟೇಲಿ ಎಷ್ಟು ಥರ ಇರುತ್ತೆ, ಹೊಡೆಯೋದೇ ತಾನೆ. ಗಡಿಯಾರದಲ್ಲೂ ಹೊಡೆಯುತ್ತೆ ಕಣೋ ದಡ್ಡ. ತಮ್ಮನ ಹೆಂಡತಿ ನಕ್ಕು ನಕ್ಕು ಎದ್ದುಹೋದಳು, ಅಪ್ಪ ಮಾತ್ರ ನಗಲಿಲ್ಲ, ಏನಂದ ಅವನು ಅಂತ ನನ್ನನ್ನು ಕೇಳಿದ, ಈಗಿನವರು ಬಾಯಿ ಬಿಟ್ಟು ಮಾತಾಡಲ್ಲ, ತುಟಿಯೊಳಗೇ ನುಂಗ್ತಾರೆ ಅಂದ, ಹೌದೆಂದುಕೊಂಡೆ, ತಮ್ಮ ಚಿಕ್ಕಂದಿನಿಂದಲೂ ನುಂಗುವವನೇ. ಹಾಗೆ ನಮ್ಮಲ್ಲಿ ನೂರು ಗಂಟೆ ಮಾತು ಬಂದು ಬಿತ್ತು, ತಿಂಗಳು ಪೂರ್ತಿ ಹಡಗಿನಮ್ಮನೊಡನೆ ಅಡಿಗೆ ವಿಷಯ ಮಾತಾಡಿದರೂ ಮುಗಿಯದಷ್ಟು, ಅದರ ಜಾಹೀರಾತಿನಲ್ಲೇ ಬರೆದಿದೆ, ಗದ್ದಲ ನಿವಾರಣೆ, ನಿಮ್ಮ ಮಾತು ಮಾತ್ರ, ಬೇರೇನೂ ಇಲ್ಲ. ಮಾತಲ್ಲದ್ದೆಲ್ಲ ಅದಕ್ಕೆ ಗದ್ದಲ. ಫ್ಯಾನು, ನಾಯಿ, ಲಾರಿ, ಅಪ್ಪನ ಗಂಟೆ, ಎಲ್ಲವನ್ನೂ ಒಂದೇ ಪೊರಕೆಯಲ್ಲಿ ಗುಡಿಸಿ ಆಚೆ.

ಎರಡನೆಯ ಸೇವೆ ಪುಕ್ಕಟೆ, ತಮ್ಮನ ಹೆಂಡತಿ ಪರದೇಶದ ಅಕ್ಕನೊಡನೆ ಅತ್ತುಕೊಳ್ಳಲು ಬಳಸುವುದು, ಅಳುವ ಮಧ್ಯೆ ಸೋಪಿನ ಜಾಹೀರಾತು ಬರುತ್ತದೆ, ಅದರಲ್ಲೂ ಹೊಡೆದೆ, ಗಾಜಿನ ಆಚೆ ಗದ್ದ ಒಮ್ಮೆ ಕೆಳಗೆ, ಒಮ್ಮೆ ಮೇಲೆ, ಇದೂ ಚೆನ್ನಾಗಿದೆ ಅಂದ. ಮೂರನೆಯದು ಸ್ವಲ್ಪ ತುಟ್ಟಿ, ಆದರೆ ಸೆಟ್ಟಿಂಗಿನ ಮೂಲೆಯಲ್ಲಿ, ಯಾರೂ ಒತ್ತದ ಜಾಗದಲ್ಲಿ, ಮೂಲ ಧ್ವನಿ ಎಂಬ ಒಂದು ಗುಂಡಿ ಇದೆ, ಒತ್ತಿದರೆ ಏನನ್ನೂ ಗುಡಿಸದೆ ಇದ್ದದ್ದನ್ನು ಇದ್ದ ಹಾಗೇ ಕಳಿಸುತ್ತೇನೆ ಎಂದು ಸತ್ಯ ಮಾಡುತ್ತದೆ, ಒತ್ತಿ ಹೊಡೆದೆ, ಗದ್ದ ಕೆಳಗೆ, ಮೇಲೆ. ಮೂರರಲ್ಲಿ ಯಾವುದು ವಾಸಿ ಅಪ್ಪಾ. ಎಲ್ಲಾ ಒಂದೇ, ಕಡಿಮೇದು ತಗೋ. ಎಲ್ಲಾ ಒಂದೇ ಹೇಗಾಗುತ್ತೆ, ಹಡಗಿನಮ್ಮನ ಕಿವಿಯಲ್ಲಿ ಏನೂ ಇಲ್ಲದ ಗಂಟೆ ಅಪ್ಪನ ಕಿವಿಯಲ್ಲಿ ಇತ್ತೇ, ಅವಳ ಊರಿನ ಇಂಟರ್ನೆಟ್ಟೇ ಕೆಟ್ಟಿರಬೇಕು, ಅಥವಾ ಗಂಟೆ ಎರೆದವನಿಗೆ ಮಾತ್ರ ಕೇಳಿಸುವ ಏನೋ ಇರಬೇಕು, ಹೀಗೆಲ್ಲ ಯೋಚಿಸಿದೆ, ತಪ್ಪು ತೀರ್ಮಾನಕ್ಕೆ ಹೋಗುವ ದಾರಿ ಯಾವಾಗಲೂ ಎಷ್ಟು ಅಗಲವಾಗಿರುತ್ತದೆ. ಸರಿ, ಜಾಗ ಅದಲುಬದಲು ಮಾಡೋಣ, ನೀನು ಹೊಡಿ, ನಾನು ಕೇಳ್ತೀನಿ ಅಂದೆ, ಅಪ್ಪ ಖುಷಿಯಿಂದ ಎದ್ದು ಬಂದ, ಕೂತು ಕೇಳುವುದಕ್ಕಿಂತ ನಿಂತು ಹೊಡೆಯುವುದು ಅವನಿಗೆ ಯಾವತ್ತೂ ಇಷ್ಟ.

ಆಫೀಸಿನ ಕುರ್ಚಿ ಇನ್ನೂ ಬೆಚ್ಚಗಿತ್ತು, ಹೆಡ್‌ಫೋನಿನ ದಿಂಬೂ. ಮೊದಲನೆಯ ಸೇವೆ, ಹೊಡೀತಿದೀನಿ ಅಂದ ಅಪ್ಪ, ಬಿಸಿಲಿನಷ್ಟು ಸ್ಪಷ್ಟ ದನಿ, ಕೊಡತಿ ಹೋಗಿ ಗಂಟೆಯ ತುಟಿಗೆ ತಾಗಿದ್ದು ಗಾಜಿನಲ್ಲಿ ಕಂಡಿತು, ಕಿವಿಯಲ್ಲಿ ಏನೂ ಇಲ್ಲ, ತೂತು, ಮಾತಿನ ಬಟ್ಟೆಯಲ್ಲಿ ಕತ್ತರಿ ಆಡಿಸಿದ ಹಾಗೆ ಒಂದು ತೂತು, ಆಮೇಲೆ ಮತ್ತೆ ಅಪ್ಪನ ದನಿ, ಹೇಗಿದೆ. ಅವನು ಚೆನ್ನಾಗಿದೆ ಅಂದದ್ದು ಈ ತೂತಿಗೆ. ಎರಡನೆಯದರಲ್ಲಿ ಗಂಟೆ ನೀರಿನೊಳಗಿಂದ ಕೆಮ್ಮಿತು, ಅದಕ್ಕೂ ಚೆನ್ನಾಗಿದೆ ಅಂದಿದ್ದ. ಮೂರನೆಯದನ್ನು ಹಚ್ಚಿ, ಎರಡನ್ನೂ ಒಟ್ಟಿಗೆ ಹೊಡಿ ಅಪ್ಪಾ, ಹಳೇದು ಹೊಸದು, ಅವಳು ಕೇಳೋದು ಹಾಗೇ, ಅಂದೆ, ಹೊಡೆದ, ಬಂತು ಗಂಟೆ, ಪೂರ್ತಿ ಬಂತು, ಕಂಚಿನ ವಾಸನೆಯೂ ಬಂತು ಅನ್ನಿಸುವಷ್ಟು, ಬಂದು ನಿಲ್ಲದೆ ತೇಲಾಡಿತು, ವೊಂ, ವೊಂ, ವೊಂ, ಉಬ್ಬಿ ಇಳಿದು, ಉಬ್ಬಿ ಇಳಿದು, ಕುಂಟನೊಬ್ಬ ಮೆಟ್ಟಿಲು ಹತ್ತುವಂತೆ. ಜಗಳ. ಚಿಕ್ಕವಳಿದ್ದಾಗ ಇದೇ ಕೋಣೆಯಲ್ಲಿ ಅಪ್ಪ ಕೇಳಿಸಿದ್ದ, ನೋಡು, ಹೊಂದಿದ ಗಂಟೆಗಳು ಒಂದೇ ಉಸಿರು ಬಿಡ್ತವೆ, ಹೊಂದದವು ಹೀಗೆ ಜಗಳ ಆಡ್ತವೆ, ನಿಮ್ಮಿಬ್ಬರ ಹಾಗೆ, ನಾನೂ ತಮ್ಮನೂ ನಕ್ಕಿದ್ದೆವು, ಜಗಳ ಇಷ್ಟು ಸಣ್ಣದಿದ್ದರೂ ಬಿಡಬಾರದು, ಮಂಜಿನಲ್ಲಿ ಅದು ದೊಡ್ಡದಾಗುತ್ತೆ ಅಂದಿದ್ದ. ಈಗ ಗಾಜಿನ ಆಚೆ ಆ ಜಗಳದ ನಟ್ಟನಡುವೆ ನಿಂತು, ಎರಡು ಗಂಟೆಗಳ ಮಧ್ಯೆ ತಲೆ ಇಟ್ಟುಕೊಂಡು, ಅಪ್ಪನ ಗದ್ದ ಒಮ್ಮೆ ಕೆಳಗೆ, ಒಮ್ಮೆ ಮೇಲೆ. ಒಂದೇ ಉಸಿರು ಅಂದ, ನನ್ನ ಕಿವಿಯೊಳಗೆ, ಮೂಲ ಧ್ವನಿಯಲ್ಲಿ.

ತಮ್ಮನನ್ನು ಕರೆದು ಹೆಡ್‌ಫೋನ್ ಕೊಟ್ಟೆ, ಇನ್ನೊಂದ್ಸಲ ಹೊಡಿ ಅಪ್ಪಾ ಅಂದೆ, ತಮ್ಮ ಕೇಳಿದ, ಹೆಡ್‌ಫೋನ್ ತೆಗೆದ, ಅದರ ವೈರನ್ನು ಬೆರಳಿಗೆ ಸುತ್ತಿಕೊಂಡ, ಬಿಚ್ಚಿದ. ಅಕ್ಕಾ, ಮೊದಲನೇದೇ ಇರಲಿ ಬಿಡು. ಅದರಲ್ಲಿ ಗಂಟೇನೇ ಕೇಳಲ್ವಲ್ಲೋ. ಅದಕ್ಕೇ ಹೇಳಿದ್ದು, ಮಾತು ಕೇಳುತ್ತಲ್ಲ, ಮಾತಾಡು, ಗಂಟೆ ಬರ್ಲಿಲ್ಲ ಅಂದ್ರೆ ಲೈನಿನ ಮೇಲೆ ಹಾಕು, ನೂರು ಗಂಟೆ ದುಡ್ಡು ಕೊಟ್ಟಿದೀವಿ. ಹಡಗಿಗೆ ಕಟ್ಟಿದ ಮೇಲೆ ಗೊತ್ತಾಗಲ್ವಾ, ಅಂದೆ. ಸಮುದ್ರದಲ್ಲಿ ಎರಡು ಹಡಗು ಪಕ್ಕಪಕ್ಕ ನಿಲ್ಲಿಸಿ ಯಾರು ಕೇಳ್ತಾರೆ. ಮಂಜು ಬಂದ್ರೆ. ಅವನು ಗಾಜಿನ ಕಡೆ ನೋಡಿದ, ಆಚೆ ಅಪ್ಪ ಹೊಸ ಗಂಟೆಯ ಹೊಟ್ಟೆಯನ್ನು ಬಟ್ಟೆಯಿಂದ ಒರೆಸುತ್ತಿದ್ದ, ಮಗುವಿನ ಬಾಯಿ ಒರೆಸಿದ ಹಾಗೆ. ಹಾಗಾದ್ರೆ ಅಪ್ಪನಿಗೆ ನೀನೇ ಹೇಳು, ನೀನು ದೊಡ್ಡವಳು ಅಂದ. ಇಂಥ ಹೊತ್ತಿನಲ್ಲಿ ಮಾತ್ರ ನಾನು ದೊಡ್ಡವಳು, ಜಮೀನಿನ ಮಾತು ಬಂದಾಗ ಹೆಣ್ಣುಮಗಳು. ಏನಂತ ಹೇಳುವುದು, ಹೊಸ ಗಂಟೆಯ ಸ್ವರ ತಪ್ಪಿದೆ ಅಂತಲೇ, ಮೇಲಿದೆಯೋ ಕೆಳಗಿದೆಯೋ ಅಂತ ಕೇಳುತ್ತಾನೆ, ಮೇಲಿದ್ದರೆ ಒಳಗೆ ಒಂದು ಪದರ ಕೆರೆದು ಇಳಿಸಬಹುದು, ಕೆಳಗಿದ್ದರೆ ಮುಗಿಯಿತು, ಕೆರೆದದ್ದನ್ನು ತಿರುಗಿ ಅಂಟಿಸುವುದಕ್ಕಾಗುವುದಿಲ್ಲ, ಮೇಲೋ ಕೆಳಗೋ ನನಗೆ ಗೊತ್ತಿಲ್ಲ, ತಮ್ಮನಿಗೂ ಗೊತ್ತಿಲ್ಲ, ನಮಗೆ ಗೊತ್ತಾಗುವುದು ಜಗಳ ಮಾತ್ರ, ಅದರ ನ್ಯಾಯ ಹೇಳುವವನು ಗಾಜಿನ ಆಚೆ ಬಟ್ಟೆ ಹಿಡಿದು ನಿಂತಿದ್ದಾನೆ.

ಹೆಡ್‌ಫೋನಿನ ದನಿ ಕಡಿಮೆ ಇದ್ದಿರಬಹುದು. ಇದ್ದಿರಬಹುದಲ್ಲ. ಗಂಟೆಯ ಪಕ್ಕದಲ್ಲೇ ನಿಂತಾಗ ಗಮನ ಬೇರೆ ಕಡೆ ಇದ್ದಿರಬಹುದು, ಬೆಳಿಗ್ಗೆಯಿಂದ ಓಡಾಡಿಸಿದ್ದೇವೆ, ವಯಸ್ಸಾದವನು. ಮೂರನೆಯ ಸೇವೆಗೆ ಹಣ ಕಟ್ಟಿಬಿಟ್ಟೆ, ಕಟ್ಟಿದ್ದಕ್ಕೆ ಧನ್ಯವಾದ ಬಂತು, ಚಪ್ಪಾಳೆ ತಟ್ಟುವ ಎರಡು ಹಳದಿ ಕೈಗಳ ಚಿತ್ರದ ಜೊತೆ, ತಮ್ಮ ನೋಡಿ, ಏನೋ ನಿನ್ನಿಷ್ಟ ಅಂದು ಕುಲುಮೆಗೆ ಹೋದ. ಅಪ್ಪಾ, ಕೊನೇ ಸಲ, ನೀನು ಇಲ್ಲಿ ಕೂತ್ಕೋ, ದನಿ ಜಾಸ್ತಿ ಮಾಡಿದೀನಿ, ಚೆನ್ನಾಗಿ ಕೇಳಿ ಹೇಳು. ಎಷ್ಟು ಸಲ ಕೇಳಿಸ್ತೀಯೇ, ಕಿವಿ ತೂತಾಗುತ್ತೆ ಅಂದ, ಕೂತ, ಹೆಲಿಕಾಪ್ಟರಿನವನ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡ. ನಾನು ಈಚೆ ಬಂದೆ, ಬಾಗಿಲು ಹಾಕಿದೆ, ಲೇತು ನಿಂತಿದೆ, ಕೋಣೆಯಲ್ಲಿ ಸದ್ದೇ ಇಲ್ಲ, ಹಸಿರು ಬಳೆ ಸುತ್ತಿತು, ಟಿಣ್. ಹೊಡೀಲಾ. ಹೊಡಿ. ಅವನ ಕಣ್ಣು ನನ್ನ ಮುಖದ ಮೇಲಿಲ್ಲ, ಕೊಡತಿಯ ಮೇಲಿದೆ, ಇದನ್ನು ಬೆಳಿಗ್ಗೆಯೇ ನೋಡಬೇಕಿತ್ತು, ಅಥವಾ ಹೋದ ವರ್ಷ. ಎತ್ತಿದೆ. ಗಂಟೆಯತ್ತ ಬೀಸಿದೆ. ಹಳೆಯ ಗಂಟೆಯ ತುಟಿಗೆ ಇನ್ನೇನು ತಾಗಬೇಕು, ಕಾಗದ ತೂರುವಷ್ಟು ಸಂದು ಬಿಟ್ಟು, ಕೈ ನಿಂತಿತು, ನಾನೇ ನಿಲ್ಲಿಸಿದೆ, ಎರಡು ಗಂಟೆಗಳೂ ಸುಮ್ಮನೆ ತೂಗುತ್ತಿವೆ, ಫೋನಿನಲ್ಲಿ ಅವನ ದನಿ, ಹ್ಞಾಂ, ಇದು ಚೆನ್ನಾಗಿದೆ ಕಣಮ್ಮಾ, ಇದನ್ನೇ ತಗೋ, ಪರದೆಯ ಮೇಲೆ ಇನ್ನೊಂದು ಕರೆ ಮೂಡುತ್ತಿದೆ, ಹಡಗಿನಮ್ಮ, ಹಸಿರು ಬಳೆ ಸುತ್ತುತ್ತಿದೆ, ಒತ್ತಬೇಕು, ಮೂಲ ಧ್ವನಿ, ಏನನ್ನೂ ಗುಡಿಸದ ಗುಂಡಿ, ಒತ್ತಬೇಕು, ಗಾಜಿನ ಆಚೆ ಅಪ್ಪ, ಗದ್ದ ಒಮ್ಮೆ ಕೆಳಗೆ, ಒಮ್ಮೆ ಮೇಲೆ.