ಕಾಳಮ್ಮನ ಡಬ್ಬಿ

ನನ್ನ ನಾದಿನಿ ನಿಹಾರಿಕಾ ಡೆಟ್ರಾಯಿಟ್ ಪಕ್ಕದ ಟ್ರಾಯ್‌ನಲ್ಲಿದ್ದಾಳೆ. ಅವಳ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದಿಲ್ಲ, ಫೋನಿನಲ್ಲಿ ಸುದ್ದಿ ನಿಲ್ಲುವುದಿಲ್ಲ. ಸಂಕ್ರಾಂತಿ ಕಳೆದ ಶುಕ್ರವಾರ ಬೆಳಿಗ್ಗೆ ನಾನು ಆಫೀಸಿಗೆ ಹೊರಡುವ ಹೊತ್ತಿಗೆ ಅವಳಿಂದ ಒಂದು ವಿಡಿಯೋ ಬಂತು. ಜೊತೆಗೆ ಒಂದು ಒಕ್ಕಣೆ: 'ನಮ್ಮ ಡೆಟ್ರಾಯಿಟ್‌ನಲ್ಲೇ ಯಹೂದಿಗಳ ಸಾವಿಗೆ ಮನೆಮನೆಗೆ ಸಿಹಿ ಹಂಚಿದ ಹೆಂಗಸು. ಹಿಂದೂಗಳೇ, ಎಚ್ಚರ. ಹತ್ತು ಜನಕ್ಕೆ ಕಳಿಸಿ.'

ಯಾರದೋ ಮನೆ ಬಾಗಿಲಿನ ಕ್ಯಾಮೆರಾ ಹಿಡಿದ ದೃಶ್ಯ ಅದು. ತಲೆಗೆ ಬೂದು ಬಣ್ಣದ ಸ್ಕಾರ್ಫ್ ಸುತ್ತಿಕೊಂಡ ಹೆಂಗಸು ನಗುತ್ತಾ 'ನಮಗೆ ತುಂಬಾ ಸಂತೋಷವಾಗಿದೆ' ಎಂದು ಇಂಗ್ಲಿಷಿನಲ್ಲಿ ಹೇಳಿ, ಕೈಯಲ್ಲಿದ್ದ ಸ್ಟೀಲ್ ಡಬ್ಬಿಯನ್ನು ಮುಂದಕ್ಕೆ ಚಾಚುತ್ತಾಳೆ. ಅಲ್ಲಿಗೆ ಮುಗಿಯಿತು. ನಾನು ಮೊದಲು ಗುರುತಿಸಿದ್ದು ಡಬ್ಬಿಯನ್ನು. ಅದು ನನ್ನ ಡಬ್ಬಿ. ಅದರ ಮೈಮೇಲೆ ನನ್ನ ಅಜ್ಜಿಯ ಹೆಸರು 'ಕಾಳಮ್ಮ' ಎಂದು ಚುಕ್ಕಿ ಚುಕ್ಕಿಯಾಗಿ ಕೆತ್ತಿದೆ. ಮದುವೆ ಮನೆಗಳಲ್ಲಿ ಪಾತ್ರೆ ಅದಲುಬದಲಾಗದಿರಲಿ ಎಂದು ಅಜ್ಜಿ ಮಂಡ್ಯದ ಪಾತ್ರೆ ಅಂಗಡಿಯಲ್ಲಿ ನಿಂತು ಕೆತ್ತಿಸಿದ್ದಳು.

ಆ ಹೆಂಗಸು ನನ್ನ ಪಕ್ಕದ ಮನೆಯ ರೀಮ್. ಆ ಬಾಗಿಲು ಇರುವುದು ಡೆಟ್ರಾಯಿಟ್‌ನಲ್ಲಲ್ಲ, ಶಿಕಾಗೋ ಪಕ್ಕದ ಡೌನರ್ಸ್ ಗ್ರೋವ್‌ನಲ್ಲಿ, ನಮ್ಮದೇ ಬಡಾವಣೆಯಲ್ಲಿ. ಅದು ನಮ್ಮ ಕನ್ನಡ ಸಂಘದ ಅಧ್ಯಕ್ಷರಾದ ಹಯವದನ ಅಂಕಲ್ ಮನೆ.

ನಡೆದದ್ದು ಇಷ್ಟು. ಹಬ್ಬದ ದಿನ ಆ ಡಬ್ಬಿಯಲ್ಲಿ ನಾನು ರೀಮ್‌ಗೆ ಎಳ್ಳು ಬೆಲ್ಲ ಕೊಟ್ಟೆ. ಕೊಟ್ಟ ಪಾತ್ರೆಯನ್ನು ನಮ್ಮಲ್ಲಿ ಖಾಲಿ ವಾಪಸ್ ಮಾಡುವುದಿಲ್ಲ ಎಂದು ಹಿಂದೊಮ್ಮೆ ತಮಾಷೆಗೆ ಹೇಳಿದ್ದೆ. ನಮ್ಮ ಅಮ್ಮನೂ ಹಾಗೇ ಅನ್ನುತ್ತಿದ್ದಳು ಎಂದು ಅವಳು ನಕ್ಕಿದ್ದಳು. ಮಾರನೇ ದಿನ ಗಾಜಾದಲ್ಲಿ ಕದನವಿರಾಮದ ಸುದ್ದಿ ಬಂತು. ಸಂಜೆ ರೀಮ್ ಡಬ್ಬಿ ತುಂಬ ಖರ್ಜೂರದ ಬಿಸ್ಕತ್ತು ಮಾಡಿಕೊಂಡು ಬಂದಳು. ಕಣ್ಣು ಅತ್ತು ಕೆಂಪಾಗಿತ್ತು, ಮುಖ ನಗುತ್ತಿತ್ತು. "ಬಾಂಬ್ ಹಾಕೋದು ನಿಲ್ಲುತ್ತಂತೆ. ಒತ್ತೆಯಾಳುಗಳೂ ಅವರವರ ಮನೆಗೆ ಹೋಗ್ತಾರಂತೆ. ಅಲ್ಲಿರೋ ನನ್ನ ಅಕ್ಕ ಬದುಕಿದ್ದಾಳೆ. ನಮಗೆ ತುಂಬಾ ಸಂತೋಷವಾಗಿದೆ" ಅಂದಳು. ಬೀದಿಯವರಿಗೆಲ್ಲ ಕೊಟ್ಟು, ಡಬ್ಬಿಯನ್ನು ಮತ್ತೆ ತುಂಬಿ ತರುತ್ತೇನೆ ಎಂದು ಹೋದಳು.

ಹಯವದನ ಅಂಕಲ್ ಮನೆ ಬಾಗಿಲಲ್ಲೂ ಅವಳು ಇದನ್ನೇ ಹೇಳಿರಬೇಕು. ಅಷ್ಟು ಮಾತಿನಲ್ಲಿ ಕೊನೆಯದನ್ನು ಮಾತ್ರ ಉಳಿಸಿ, ಉಳಿದದ್ದನ್ನು ಕತ್ತರಿಸಿ ಬಿಸಾಕಿದ್ದರು.

ಮಧ್ಯಾಹ್ನದ ಹೊತ್ತಿಗೆ ಅದು ಊರೆಲ್ಲ ಹಬ್ಬಿತ್ತು. ಏಪ್ರಿಲ್‌ನ ಟೌನ್‌ಷಿಪ್ ಚುನಾವಣೆಗೆ ನಿಂತವನೊಬ್ಬ 'ನಮ್ಮ ಮಕ್ಕಳು ಯಾರ ಕೈಯಲ್ಲಿದ್ದಾರೆ?' ಎಂದು ಅದನ್ನು ತನ್ನ ಪೇಜಿನಲ್ಲಿ ಹಾಕಿದ. ಯಾಕೆಂದರೆ ರೀಮ್ ಡೇಕೇರ್‌ನಲ್ಲಿ ಟೀಚರ್. ಅವನ ಎದುರಾಳಿ 'ಎಲ್ಲ ಬಗೆಯ ದ್ವೇಷವನ್ನೂ ಖಂಡಿಸುತ್ತೇನೆ' ಎಂದು ಹೇಳಿಕೆ ಕೊಟ್ಟಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಕೆಳಗೆ ಒಬ್ಬ ಡಬ್ಬಿಯ ಮೇಲಿನ ಬರಹಕ್ಕೆ ಕೆಂಪು ಸುತ್ತು ಹಾಕಿ, ಇದು ಅರಬ್ಬಿ ಘೋಷಣೆ ಎಂದು ಬರೆದಿದ್ದ. ಪಾಪ, ಅವನಿಗೆ ಕನ್ನಡ ಗೊತ್ತಿಲ್ಲ. ಆದರೆ ಅದೇ ಚಿತ್ರ ನಮ್ಮ ಸಂಘದ ಗ್ರೂಪಿಗೂ ಬಂತು. ರಾಜ್ಯೋತ್ಸವಕ್ಕೆ ಕೆಂಪು ಹಳದಿ ಶಾಲು ಹೊದ್ದು ಕುಣಿಯುವವರು, ಮಕ್ಕಳಿಗೆ ಕನ್ನಡ ಕಲಿಸಿ ಎಂದು ಭಾಷಣ ಬಿಗಿಯುವವರು, ಆ ಕನ್ನಡ ಅಕ್ಷರ ನೋಡಿ 'ಅಬ್ಬಾ, ಭಯ ಆಗತ್ತೆ' ಎಂದು ಬರೆದರು. ನನ್ನ ಮೈ ಉರಿದುಹೋಯಿತು.

ಆ ಸಂಜೆಯೇ ಡೇಕೇರ್‌ನಿಂದ ರೀಮ್‌ಗೆ ಫೋನ್ ಬಂತು. ತಾಯಿತಂದೆಯರು ಗಲಾಟೆ ಮಾಡುತ್ತಿದ್ದಾರೆ, ಸದ್ಯಕ್ಕೆ ಬರಬೇಡಿ, ತಿಂಗಳ ಕೊನೆಯೊಳಗೆ ಪೂರ್ತಿ ವಿಡಿಯೋ ಸಿಕ್ಕರೆ ನೋಡೋಣ, ಇಲ್ಲದಿದ್ದರೆ ಬೇರೆಯವರನ್ನು ತೆಗೆದುಕೊಳ್ಳಬೇಕಾಗುತ್ತದೆ ಎಂದರಂತೆ. ಪೂರ್ತಿ ವಿಡಿಯೋ ಇದ್ದದ್ದು ಒಂದೇ ಮನೆಯಲ್ಲಿ. ನಾನು ಸೀದಾ ಅಲ್ಲಿಗೆ ಹೋದೆ. ಹಯವದನ ಅಂಕಲ್ ಹೆಂಡತಿ ವತ್ಸಲಾ ಆಂಟಿ ದೇವಸ್ಥಾನಕ್ಕೆ ಹೋಗಿದ್ದರು. ಅಂಕಲ್ ಒಬ್ಬರೇ ಇದ್ದರು.

"ಪೂರ್ತಿ ವಿಡಿಯೋ ಕೊಡಿ ಅಂಕಲ್. ಅವಳ ಕೆಲಸ ಹೋಗ್ತಾ ಇದೆ."

"ನೋಡಮ್ಮ, ನಾನು ನಮ್ಮ ಸ್ನೇಹಿತರ ಗ್ರೂಪಿಗೆ ಮಾತ್ರ ಹಾಕಿದ್ದು. ಡೆಟ್ರಾಯಿಟ್ ಅಂತ ನಾನು ಬರೆದಿಲ್ಲ. ಯಾರು ಏನು ಸೇರಿಸಿದ್ರೋ ಅದಕ್ಕೆ ನಾನು ಹೊಣೆನಾ?"

"ಸಾವಿಗೆ ಸಿಹಿ ಹಂಚಿದ್ಲು ಅಂತ ಬರೆದೋರು ಯಾರು?"

"ಅವತ್ತು ಅಕ್ಟೋಬರ್‌ನಲ್ಲಿ ಇಸ್ರೇಲಲ್ಲಿ ಅಷ್ಟು ಜನಾನ ಕೊಂದಾಗ ಕುಣಿದೋರು ಇದ್ರಲ್ಲಮ್ಮ. ಅದು ಸುಳ್ಳಾ?"

"ಕುಣಿದೋರಿದ್ರೆ ಅವರ ವಿಡಿಯೋ ಹಾಕಿ. ಇವಳದ್ಯಾಕೆ ಹಾಕಿದ್ರಿ?"

"ಪೂರ್ತಿ ವಿಡಿಯೋ ಎಲ್ಲ ಡಿಲೀಟ್ ಆಗಿರತ್ತೆ" ಎಂದು ಅವರು ಟಿವಿಯ ಸದ್ದು ಹೆಚ್ಚಿಸಿದರು.

ಮನೆಗೆ ಬಂದರೆ ನನ್ನ ಗಂಡ ಮಂಜೇಶ್‌ನದು ಬೇರೆ ರಾಗ. "ಮುಂದಿನ ತಿಂಗಳು ವೀಸಾ ಸ್ಟ್ಯಾಂಪಿಂಗ್‌ಗೆ ಹೋಗ್ಬೇಕು. ಫೋನು, ಫೇಸ್‌ಬುಕ್ಕು ಎಲ್ಲ ನೋಡ್ತಾರಂತೆ. ಊರ ಉಸಾಬರಿ ನಮಗ್ಯಾಕೆ, ಲಾವಣ್ಯ?" ಎಂದ. ಅವನ ಹೆದರಿಕೆ ಸುಳ್ಳಲ್ಲ. ಅದೇ ಹೆದರಿಕೆ ನನಗೂ ಇತ್ತು. ಆದರೆ ಊರಿನವರ ಫೋನುಗಳಲ್ಲಿ ಓಡಾಡುತ್ತಿದ್ದದ್ದು ನನ್ನ ಅಜ್ಜಿಯ ಡಬ್ಬಿ. ಅದು ಊರ ಉಸಾಬರಿ ಹೇಗಾಗುತ್ತದೆ?

ಕೆಲವು ದಿನ ಕಳೆದು ರೀಮ್ ಡಬ್ಬಿ ವಾಪಸ್ ತಂದಳು. ಮುಂಬಾಗಿಲಿಗೆ ಬರಲಿಲ್ಲ, ಅಲ್ಲಿ ನಮ್ಮದೂ ಒಂದು ಕ್ಯಾಮೆರಾ ಇದೆ. ಹಿತ್ತಲ ಡೆಕ್ ಕಡೆಯಿಂದ ಹಿಮ ತುಳಿದುಕೊಂಡು ಬಂದು ಗಾಜಿನ ಬಾಗಿಲು ತಟ್ಟಿದಳು. ಡಬ್ಬಿ ಕೊಟ್ಟು "ಸಾರಿ" ಎಂದು ಹೊರಟೇಹೋದಳು. ತೆಗೆದು ನೋಡಿದೆ. ಫಳಫಳ ತೊಳೆದಿತ್ತು. ಖಾಲಿ.

ಅವತ್ತು ನನಗೆ ಅಳು ಬಂತು. ಆಮೇಲೆ ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

ಶನಿವಾರ ಪಕ್ಕದ ಊರು ಲೈಲ್‌ನ ಒಂದು ಶಾಲೆಯ ಹಾಲ್‌ನಲ್ಲಿ ಸಂಘದ ಸಂಕ್ರಾಂತಿ ಕಾರ್ಯಕ್ರಮವಿತ್ತು. ಎಳ್ಳು ಬೆಲ್ಲ ಹಂಚುವ ಜವಾಬ್ದಾರಿ ಪ್ರತಿ ವರ್ಷದಂತೆ ನನ್ನದು. ಅಧ್ಯಕ್ಷರು ಮೊದಲು ತಿಂದು ಒಂದು ಮಾತಾಡಬೇಕು, ಆಮೇಲೆ ಎಲ್ಲರಿಗೂ ಹಂಚಬೇಕು, ಇದು ನಡೆದುಬಂದ ರೀತಿ. ಹಯವದನ ಅಂಕಲ್ ರೇಷ್ಮೆ ಪಂಚೆ ಉಟ್ಟು ಮೈಕ್ ಮುಂದೆ ನಿಂತು "ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡೋಣ" ಎಂದರು. ನಾನು ಕಾಳಮ್ಮನ ಡಬ್ಬಿ ಚಾಚಿದೆ. ಅವರು ಮುಚ್ಚಳ ತೆಗೆದು ಕೈ ಹಾಕಿದರು. ತಡಕಾಡಿದರು. ಆಮೇಲೆ ಬಗ್ಗಿ ನೋಡಿದರು.

"ಏನಮ್ಮ ಇದು, ಖಾಲಿ ಇದೆ?"

"ರೀಮ್ ಹಾಗೇ ವಾಪಸ್ ಕೊಟ್ಲು ಅಂಕಲ್. ಫೋಟೋಗೆ ಕೆಂಪು ಸುತ್ತು ಹಾಕಿದ್ರಲ್ಲ, ಅದೇ ಡಬ್ಬಿ. ಬರೆದಿರೋದನ್ನ ಓದಿ. ಕನ್ನಡಾನೇ." ಮೈಕ್ ಆನ್ ಇತ್ತು. "ಈ ಸಲ ಮೊದಲು ಒಳ್ಳೆ ಮಾತಾಡಿ. ಆಮೇಲೆ ಎಳ್ಳು ಬೆಲ್ಲ ಕೊಡ್ತೀನಿ."

ಅಂಕಲ್ ಕೆಂಪಾದರು. "ಇಲ್ಲಿ ಪಾಲಿಟಿಕ್ಸ್ ಬೇಡ" ಎಂದರು. ಕೆಲವರು ಹೌದು ಹೌದು ಎಂದು ತಲೆಯಾಡಿಸಿದರು. ಮಂಜೇಶ್ ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದ.

ಆಗ ಮುಂದಿನ ಸಾಲಿನಿಂದ ವತ್ಸಲಾ ಆಂಟಿ ಎದ್ದರು. ನಿಧಾನಕ್ಕೆ ಮೆಟ್ಟಿಲು ಹತ್ತಿ ಬಂದು ತಮ್ಮ ಫೋನನ್ನು ಮೈಕಿಗೆ ಹಿಡಿದರು. ರೀಮ್‌ಳ ದನಿ ಹಾಲ್ ತುಂಬ ಕೇಳಿಸಿತು. ಬಾಂಬು, ಒತ್ತೆಯಾಳುಗಳು, ಅಕ್ಕ, ಸಂತೋಷ. ಅದರ ಹಿಂದೆಯೇ ಆಂಟಿಯ ದನಿ: 'ದೇವರು ದೊಡ್ಡವನು ಕಣಮ್ಮ. ಇನ್ನೊಂದು ತಗೋತೀನಿ, ನಮ್ಮೆಜಮಾನ್ರಿಗೆ ಸಿಹಿ ಅಂದ್ರೆ ಪ್ರಾಣ' ಎಂದು ಅವರ ಹರುಕುಮುರುಕು ಇಂಗ್ಲಿಷಿನಲ್ಲಿ. ಯಾರೋ ಕಿಸಕ್ಕನೆ ನಕ್ಕರು.

"ಡಿಲೀಟ್ ಆಗಿಲ್ಲ ರೀ. ಬಾಗಿಲ ಕ್ಯಾಮೆರಾದ್ದು ನನ್ನ ಫೋನಲ್ಲೂ ಬರತ್ತೆ ಅನ್ನೋದು ನಿಮಗೆ ಮರೆತುಹೋಗಿತ್ತು" ಎಂದರು ಆಂಟಿ. "ಆ ಬಿಸ್ಕತ್ತು ಕಾಫಿ ಜೊತೆ ತಿಂದ್ರಲ್ಲ, ಚೆನ್ನಾಗಿದೆ ಅಂದ್ರಲ್ಲ. ಅದನ್ನ ತಿಂದ ಕೈಲೇ ನನ್ನ ಮಾತು ಕತ್ತರಿಸಿದ್ರಾ?" ಆಮೇಲೆ ನನ್ನ ಕಡೆ ತಿರುಗಿದರು. "ಲಾವಣ್ಯ, ಆ ಡೇಕೇರ್‌ನೋರಿಗೆ ಇದನ್ನ ಹೇಗೆ ಕಳಿಸೋದು, ತೋರಿಸು."

ಅಲ್ಲೇ ಕಳಿಸಿದೆವು. ಅಂಕಲ್ ಒಳ್ಳೆಯ ಮಾತೂ ಆಡಲಿಲ್ಲ, ಕೆಟ್ಟ ಮಾತೂ ಆಡಲಿಲ್ಲ.

ಸೋಮವಾರ ರೀಮ್‌ಗೆ ಕೆಲಸಕ್ಕೆ ಬನ್ನಿ ಎಂದು ಫೋನ್ ಬಂತು. ಕೆಲವು ಮನೆಯವರು ಮಾತ್ರ ಮಕ್ಕಳನ್ನು ಬಿಡಿಸಿಕೊಂಡು ಹೋಗಿದ್ದರು. ಚುನಾವಣೆಗೆ ನಿಂತವನು ಸದ್ದಿಲ್ಲದೆ ವಿಡಿಯೋ ತೆಗೆದುಹಾಕಿದ, ತಪ್ಪಾಯಿತು ಅನ್ನಲಿಲ್ಲ. ಪೂರ್ತಿ ವಿಡಿಯೋವನ್ನು ನಿಹಾರಿಕಾಗೆ ಕಳಿಸಿ, ಮೊದಲಿನದು ಯಾರಿಗೆಲ್ಲ ಹೋಗಿದೆಯೋ ಅವರಿಗೆಲ್ಲ ಇದನ್ನೂ ಕಳಿಸು ಎಂದೆ. "ಯಾರ್ಯಾರಿಗೆ ಕಳಿಸಿದ್ನೋ ನೆನಪೇ ಇಲ್ಲ ಅತ್ತಿಗೆ" ಎಂದಳು.

ಆ ಸಂಜೆ ಡಬ್ಬಿ ತುಂಬ ಎಳ್ಳು ಬೆಲ್ಲ ಹಾಕಿಕೊಂಡು, ಬೇಕೆಂದೇ ಬೀದಿಯ ನಡುವೆ ನಡೆದು, ರೀಮ್ ಮನೆಯ ಮುಂಬಾಗಿಲಿಗೆ ಹೋದೆ. ಅವಳು ಬಾಗಿಲು ತೆಗೆದು ನನ್ನನ್ನು ತಬ್ಬಿಕೊಂಡಳು. ಒಳಗೆ ಹೋಗಿ ಒಂದು ಕಾಗದದ ತಟ್ಟೆ ತಂದಳು.

"ಇದಕ್ಕೆ ಸುರಿದುಬಿಡು. ಡಬ್ಬಿ ನೀನೇ ತಗೊಂಡು ಹೋಗು" ಎಂದಳು. "ಅದನ್ನ ಹಿಡ್ಕೊಂಡು ಇನ್ನೊಂದು ಸಲ ನಾನು ಈ ಬೀದೀಲಿ ನಡೆಯಲ್ಲ."