ಶನಿವಾರದ ಒಪ್ಪೊತ್ತು

ಬೇವಿನೆಣ್ಣೆಯ ವಾಸನೆ ನನಗೆ ಚಿಕ್ಕಂದಿನಿಂದಲೂ ಆಗದು. ನಮ್ಮಜ್ಜಿಯ ಕೋಣೆಯಲ್ಲಿ ಆ ವಾಸನೆ ಇರುತ್ತಿತ್ತು, ಅದರಡಿಯಲ್ಲಿ ಕೊಳೆತ ಗಾಯದ ಇನ್ನೊಂದು ವಾಸನೆ. ಅಜ್ಜಿಗೆ ಸಕ್ಕರೆ ಕಾಯಿಲೆ. ಮೊದಲು ಹೆಬ್ಬೆರಳು ಹೋಯಿತು, ಆಮೇಲೆ ಪಾದ.

ಹೋದ ವರ್ಷ ದೊಡ್ಡಬಳ್ಳಾಪುರದ ಡಾಕ್ಟರು ನನಗೂ ಸಕ್ಕರೆ ಇದೆ ಎಂದಾಗ ನಾನು ಅವರ ಮುಖ ನೋಡಲಿಲ್ಲ, ನನ್ನ ಕಾಲು ನೋಡಿಕೊಂಡೆ.

"ಹೆದರ್ಕೋಬೇಡಿ. ಮುದ್ದೆ ಕಮ್ಮಿ ಮಾಡಿ, ಸೊಪ್ಪು ಕಾಳು ಜಾಸ್ತಿ ತಿನ್ನಿ, ದಿನಾ ನಡೀರಿ. ಮಾತ್ರೆ ಊಟಕ್ಕೆ ಮುಂಚೆ."

ಇನ್ನೂ ಏನೇನೋ ಹೇಳಿದರು. ನನ್ನ ತಲೆಗೆ ಹೋದದ್ದು ಇಷ್ಟೇ: ಕಡಿಮೆ ತಿನ್ನಬೇಕು, ಹೆಚ್ಚು ನಡೆಯಬೇಕು.

ಸಂಜೆ ರಾಜಘಟ್ಟದ ಕೆರೆ ಏರಿಯ ಮೇಲೆ ಪಕ್ಕದ ಮನೆಯ ಲಕ್ಷ್ಮೀದೇವಮ್ಮ ಜೊತೆಗಿರುತ್ತಿದ್ದರು. "ಸಕ್ಕರೇಲಿ ನಾನು ನಿನಗಿಂತ ಸೀನಿಯರ್ ಕಣೆ, ಹಿಂದೆ ಬಾ" ಎಂದು ರೇಗಿಸುವರು. ನನಗೆ ಆಯಾಸವಾದರೆ ಚಪ್ಪಲಿಗೆ ಕಲ್ಲು ಸಿಕ್ಕಿದೆಯೆಂದು ಸುಳ್ಳೇ ನಿಂತು ಕಾಯುವರು.

ನಮ್ಮ ಮನೆಯಲ್ಲಿ ಶನಿವಾರ ಒಪ್ಪೊತ್ತು. ಮಧ್ಯಾಹ್ನ ಒಂದೇ ಊಟ, ರಾತ್ರಿ ಒಲೆ ಹಚ್ಚುವುದಿಲ್ಲ. ನಮ್ಮ ಯಜಮಾನರು ನರಸಿಂಹಯ್ಯನವರು ತಿಮ್ಮಪ್ಪನಿಗೆ ಹೊತ್ತ ಹರಕೆ ಅದು. ಮದುವೆಯಾದಾಗಿನಿಂದ ನಾನೂ ತಪ್ಪಿಸಿರಲಿಲ್ಲ. ಒಂದು ಶನಿವಾರ ಸಂಜೆ ಎಂದಿನಂತೆ ಮಾತ್ರೆ ನುಂಗಿದೆ. ಹಸಿದ ಹೊಟ್ಟೆಯಲ್ಲಿ ನಡೆದರೆ ಸಕ್ಕರೆ ಇನ್ನೂ ಇಳಿದೀತೆಂದು ಏರಿಗೆ ಹೋದೆ.

ಅರ್ಧ ದಾರಿಗೆ ಕೈ ನಡುಗಿತು. ಬೆನ್ನೆಲ್ಲ ತಣ್ಣನೆ ಬೆವರು. ಸಕ್ಕರೆ ಏರಿಬಿಟ್ಟಿದೆ, ಅಜ್ಜಿಯ ಗತಿಯೇ ನನಗೂ ಎಂದು ಹೆದರಿ, ಅದನ್ನು ಇಳಿಸಲು ಬಿರಬಿರನೆ ನಡೆದೆ. ಕೆರೆಯಂಚಿನ ಮರಗಳು ಎರಡೆರಡಾಗಿ ಕಂಡವು.

"ಎಲ್ಲಿಗೇ ಓಡ್ತಿದ್ದೀಯ? ನಿಂತ್ಕೊ." ಹಿಂದೆ ಉಳಿದಿದ್ದ ಲಕ್ಷ್ಮೀದೇವಮ್ಮ ಕೂಗಿದರು.

"ಸಕ್ಕರೆ ಜಾಸ್ತಿ ಆಗ್ಬಿಟ್ಟಿದೆ ಅಕ್ಕ." ನಾಲಿಗೆ ತೊದಲಿತು.

"ಉಂಡ್ಯಾ?"

"ಒಪ್ಪೊತ್ತು."

"ಮಾತ್ರೆ?"

"ನುಂಗಿದೀನಿ."

ಲಕ್ಷ್ಮೀದೇವಮ್ಮನ ಮುಖದ ನಗೆ ಹೋಯಿತು. ನನ್ನನ್ನು ಕಲ್ಲಿನ ಮೇಲೆ ಕೂರಿಸಿ, ಎಲೆಯಡಿಕೆ ಚೀಲದಿಂದ ಬೆಲ್ಲದ ಚೂರು ತೆಗೆದರು. ನಾನು ಬಾಯಿ ಬಿಗಿದುಕೊಂಡೆ.

"ಬೇಡ ಅಕ್ಕ, ನನ್ನ ಕಾಲು ಹೋಗುತ್ತೆ."

"ಕಾಲಲ್ಲ ಕಣೆ, ಈಗ ನೀನೇ ಹೋಗ್ತೀಯ. ಇದು ಏರಿರೋದಲ್ಲ, ಇಳಿದಿರೋದು. ಹೋದ ಯುಗಾದೀಲಿ ನನಗೂ ಹಿಂಗೇ ಆಗಿತ್ತು. ಬಾಯಿ ತೆಗಿ, ಇಲ್ಲಾಂದ್ರೆ ಹಲ್ಲಿನ ಸೆಟ್ಟು ಕಿತ್ತು ಕೆರೆಗೆ ಹಾಕ್ತೀನಿ."

ಬೆಲ್ಲ ಕರಗಿತು. ಸ್ವಲ್ಪ ಹೊತ್ತಿಗೆ ಮರಗಳು ಒಂದೊಂದೇ ಆದವು. ಅವರು ನನ್ನ ಕತ್ತಿನ ಬೆವರನ್ನು ತಮ್ಮ ಸೆರಗಿನಿಂದ ಒರೆಸುತ್ತಲೇ ಇದ್ದರು.

ಸೋಮವಾರ ಡಾಕ್ಟರು ಮೊದಲು ಹೇಳಿದ್ದನ್ನೇ ಮತ್ತೆ ಹೇಳಿದರು. ಈ ಮಾತ್ರೆ ನುಂಗಿ ಉಪವಾಸ ಇರಬಾರದು. ನಡಿಗೆ ಊಟವಾದ ಮೇಲೆ. ಯಜಮಾನರು ಪಕ್ಕದಲ್ಲೇ ಕೂತು ಕೇಳಿಸಿಕೊಂಡರು. ಬಸ್ಸಿನಲ್ಲಿ ಕಿಟಕಿಯಾಚೆಗೇ ನೋಡುತ್ತ ಕೂತರು. ಈಗ ನನಗೆ ಎರಡು ಭಯ. ಉಣ್ಣದಿದ್ದರೆ ಜೀವ ಹೋದೀತು, ಉಂಡರೆ ಹರಕೆ ಮುರಿದೀತು. ಅವರನ್ನು ಕೇಳಲು ಬಾಯಿ ಬರಲಿಲ್ಲ.

ಮುಂದಿನ ಶನಿವಾರ ಹೊತ್ತು ಮುಳುಗುವಾಗ ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು ಜಗಲಿಯ ಮೇಲೆ ಕೂತಿದ್ದೆ. ನುಂಗಲೂ ಭಯ, ಬಿಡಲೂ ಭಯ. ಅಡುಗೆಮನೆಯಲ್ಲಿ ಏನೋ ಪಾತ್ರೆ ಬಿದ್ದ ಸದ್ದಾಯಿತು. ಬಹಳ ಹೊತ್ತಾದ ಮೇಲೆ ಯಜಮಾನರು ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ಹೊರಗೆ ಬಂದರು. ಗಂಟುಗಂಟಾದ ಪುಟ್ಟ ಮುದ್ದೆ, ಹುರುಳಿಕಾಳಿನ ಸಾರು ಇದ್ದ ತಟ್ಟೆಯನ್ನು ನನ್ನ ಕೈಗಿಟ್ಟು, ನೀರಿನ ಚೊಂಬನ್ನು ಪಕ್ಕಕ್ಕೆ ಸರಿಸಿ ಒಳಗೆ ಹೋದರು.