ನದಾಫ್ ಮಾಸ್ತರರ ತಕ್ಕಡಿ

ನಾನು ಒಂದು ಮರದ ತಕ್ಕಡಿ. ಗದಗ ಸೀಮೆಯ ಮೌನೇಶ ಬಡಿಗೇರರು ಬಾಗಿಲ ಚೌಕಟ್ಟು ಮಾಡಿ ಉಳಿದ ಸಾಗುವಾನಿ ತುಂಡಿನಿಂದ ನನ್ನನ್ನು ಮಾಡಿದರು. ಜೊತೆಗೆ ಒಂದೇ ಅಳತೆಯ ನಲವತ್ತು ಮರದ ಗಟ್ಟಿಗಳನ್ನೂ ಕೊಯ್ದರು.

"ಕಿರಾಣಿ ಅಂಗಡಿಗೇನ್ರೀ ಅಕ್ಕಾರ?" ಎಂದು ಕೇಳಿದರು.

"ಅಲ್ರೀ, ಲೆಕ್ಕ ಕಲಸಾಕ" ಎಂದರು ನನ್ನನ್ನು ಮಾಡಿಸಿದ ವಿಶಾಲಾಕ್ಷಿ ಹಿರೇಮಠ. ಸುತ್ತಲಿನ ಹನ್ನೆರಡು ಪ್ರಾಥಮಿಕ ಶಾಲೆಗಳಿಗೆ ಹೋಗಿ, ಗಣಿತ ಕಲಿಸುವ ಶಿಕ್ಷಕರಿಗೆ ನೆರವಾಗುವುದು ಅವರ ಕೆಲಸ.

ನಾನು ಮೊದಲು ಹೋದದ್ದು ಇಮಾಮಸಾಬ ನದಾಫ್ ಮಾಸ್ತರರ ನಾಲ್ಕನೇ ತರಗತಿಗೆ. ಅವರದು ಇಪ್ಪತ್ನಾಲ್ಕು ವರ್ಷದ ಸೇವೆ. ಅವರ ತರಗತಿಯ ಮಕ್ಕಳು ಮಗ್ಗಿಯನ್ನು ಮೇಲಿನಿಂದಲೂ ಕೆಳಗಿನಿಂದಲೂ ಒಪ್ಪಿಸುತ್ತಿದ್ದರು. ಮೇಜಿನ ಮೇಲೆ ಕೂತ ನನ್ನನ್ನು ಮಾಸ್ತರರು ಅಷ್ಟೇನೂ ಪ್ರೀತಿಯಿಂದ ನೋಡಲಿಲ್ಲ.

ವಿಶಾಲಾಕ್ಷಿಯವರು ಹಲಗೆಯ ಮೇಲೆ ಬರೆದರು: 8 + 4 = ☐ + 5.

ಇಪ್ಪತ್ತಾರು ಮಕ್ಕಳೂ ಖಾಲಿ ಚೌಕದಲ್ಲಿ ಹನ್ನೆರಡು ಎಂದೇ ಬರೆದರು. ಮಾಸ್ತರರ ಮುಖ ಕೆಂಪಾಯಿತು.

"ಈ ಎರಡು ಗೆರಿ ಅಂದ್ರ ಏನು?" ಎಂದು ವಿಶಾಲಾಕ್ಷಿಯವರು ಸಮಚಿಹ್ನೆ ತೋರಿಸಿ ಕೇಳಿದರು.

"ಉತ್ತರ ಬರೀರಿ ಅಂತರೀ!" ಇಡೀ ತರಗತಿ ಒಂದೇ ದನಿಯಲ್ಲಿ ಕೂಗಿತು.

ವಿಶಾಲಾಕ್ಷಿಯವರು ಗಟ್ಟಿಗಳ ಚೀಲವನ್ನು ಮಾಸ್ತರರ ಕೈಗಿಟ್ಟರು. ಮಾಸ್ತರರು ನನ್ನ ಎಡ ತಟ್ಟೆಗೆ ಎಂಟು ಮತ್ತು ನಾಲ್ಕು ಗಟ್ಟಿ ಹಾಕಿದರು, ಬಲ ತಟ್ಟೆಗೆ ಹನ್ನೆರಡು ಮತ್ತು ಐದು. ನಾನು ಧಡಕ್ಕನೆ ಬಲಕ್ಕೆ ವಾಲಿದೆ. ಮಕ್ಕಳು ನಕ್ಕರು. ಮಾಸ್ತರರು ಆ ಐದನ್ನು ಮುಟ್ಟದೆ, ಹನ್ನೆರಡರಿಂದ ಒಂದೊಂದೇ ಗಟ್ಟಿ ತೆಗೆಯುತ್ತ ಹೋದರು. ಏಳು ಉಳಿದಾಗ ನನ್ನ ಅಡ್ಡಕೋಲು ಸಮನಾಗಿ ನಿಂತಿತು.

ವಿಶಾಲಾಕ್ಷಿಯವರು ಹೋದ ಮೇಲೂ ಮಾಸ್ತರರು ನನ್ನ ಮುಂದೆ ಬಹಳ ಹೊತ್ತು ಕೂತಿದ್ದರು. ನಾಳೆ ನನ್ನನ್ನು ವಾಪಸ್ ಕಳಿಸಿಬಿಡುತ್ತಾರೆ ಎಂದುಕೊಂಡೆ. ಆದರೆ ಮರುದಿನ ಅವರೇ ಹಲಗೆಯ ಮೇಲೆ ಬರೆದರು: 28 + 16 = ☐ + 17.

ಇದಕ್ಕೆ ನನ್ನ ಗಟ್ಟಿಗಳು ಸಾಲುತ್ತಿರಲಿಲ್ಲ. ಮಕ್ಕಳು ಕೂಡಿಸಲು ಪಾಟಿ ಎತ್ತಿಕೊಂಡರು. ಹಿಂದಿನ ಸಾಲಿನ ಫಕೀರವ್ವ ಮಾತ್ರ ಬರೆಯಲಿಲ್ಲ. ಮಗ್ಗಿ ಬಾರದ್ದಕ್ಕೆ ದಿನಾ ಬೈಸಿಕೊಳ್ಳುತ್ತಿದ್ದ ಹುಡುಗಿ ಅವಳು.

"ಇಪ್ಪತ್ತೇಳು ರೀ ಸರ."

"ಕೂಡಿಸ್ಲಾರ್ದ ಹೆಂಗ್ ಹೇಳ್ದಿ?"

"ಹದಿನಾರು ಇದ್ದದ್ದು ಆ ಕಡೆ ಹದಿನೇಳಾಗೇತಿ. ಒಂದು ಹೆಚ್ಚಾತಲ್ರೀ. ಹಂಗಾರ ಇಪ್ಪತ್ತೆಂಟ್ರಾಗ ಒಂದು ಕಮ್ಮಿ ಆಗಬೇಕು. ಇಲ್ಲಾಂದ್ರ ತಕ್ಕಡಿ ವಾಲತೈತಿ."

ಮಾಸ್ತರರು ಸೀಮೆಸುಣ್ಣ ಕೆಳಗಿಟ್ಟು ಅವಳ ಹತ್ತಿರ ಹೋದರು. "ಇನ್ನೊಮ್ಮೆ ಹೇಳವ್ವಾ, ಎಲ್ಲಾರೂ ಕೇಳ್ಲಿ" ಎಂದರು. ಫಕೀರವ್ವ ಎದ್ದು ನಿಂತು ಗಟ್ಟಿಯಾಗಿ ಹೇಳಿದಳು.

ಆ ತಿಂಗಳ ಶಿಕ್ಷಕರ ಸಭೆಗೆ ಮಾಸ್ತರರು ನನ್ನನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೋದರು. ಮೂವತ್ತು ಜನ ಶಿಕ್ಷಕರ ಮುಂದೆ ನಿಂತರು.

"ಇಷ್ಟು ವರ್ಷ ಸಮಚಿಹ್ನೆ ಅಂದ್ರ ಉತ್ತರ ಅಂತ ನಾನೇ ಕಲಿಸೀನಿ. ಹುಡುಗರ ತಪ್ಪಲ್ಲ" ಎಂದರು. ಯಾರೂ ನಗಲಿಲ್ಲ. ಮೂಲೆಯಲ್ಲಿದ್ದ ಒಬ್ಬ ಶಿಕ್ಷಕಿ ಮೆಲ್ಲಗೆ, "ನಾನೂ ಹಂಗ ಕಲಸ್ತೀನ್ರಿ" ಎಂದರು. ಆಮೇಲೆ ಎಲ್ಲರೂ ಕುರ್ಚಿ ಎಳೆದುಕೊಂಡು ನನ್ನ ಸುತ್ತ ಕೂತರು.

ಅಲ್ಲಿಂದ ನನ್ನ ತಿರುಗಾಟ ಶುರುವಾಯಿತು. ಒಂದು ಶಾಲೆಯಲ್ಲಿ ಮುರಿದೀತೆಂದು ನನ್ನನ್ನು ಎರಡು ವರ್ಷ ಕಪಾಟಿನಲ್ಲಿ ಬೀಗ ಹಾಕಿಟ್ಟರು. ನನ್ನ ಬದುಕಿನಲ್ಲಿ ಬೇಸರದ ಕಾಲ ಅದೊಂದೇ. ಉಳಿದೆಡೆ ಮಕ್ಕಳ ಕೈಯ ಬೆವರು ಕುಡಿದು ನನ್ನ ಮೈ ನುಣುಪಾಯಿತು. ನದಾಫ್ ಮಾಸ್ತರರು ನಿವೃತ್ತರಾದರು. ಊರಲ್ಲಿ ಅವರನ್ನು ಈಗಲೂ "ತಕ್ಕಡಿ ಮಾಸ್ತರ್" ಎನ್ನುತ್ತಾರಂತೆ. ಅವರು ಬೇಡ ಅನ್ನುವುದಿಲ್ಲವಂತೆ.

ಈಗ ನನಗೆ ವಯಸ್ಸಾಗಿದೆ. ಅಡ್ಡಕೋಲು ಬಾಗಿದೆ, ತಟ್ಟೆ ಖಾಲಿ ಇದ್ದರೂ ಬಲಕ್ಕೆ ವಾಲುತ್ತೇನೆ. ಹೊಸ ಶಿಕ್ಷಕಿ ಒಬ್ಬರು ನನ್ನನ್ನು ಎಸೆಯುವ ಬದಲು ಮಕ್ಕಳ ಮುಂದಿಟ್ಟು, "ಇದನ್ನ ಸಮ ಮಾಡೂದು ಹೆಂಗ?" ಎಂದು ಕೇಳಿದರು. ಮಕ್ಕಳು ಎಡ ತಟ್ಟೆಗೆ ಒಂದು ಹುಣಸೆಬೀಜ ಹಾಕಿದರು, ಸಾಲಲಿಲ್ಲ. ಎರಡು ಹಾಕಿದರು. ನೆಟ್ಟಗೆ ನಿಂತೆ.

ಆ ಎರಡು ಬೀಜಗಳನ್ನು ಮಕ್ಕಳೇ ತಟ್ಟೆಗೆ ಅಂಟಿಸಿದ್ದಾರೆ. ನನ್ನ ಮುಪ್ಪಿನ ಭಾರ ಅಷ್ಟೇ, ಎರಡು ಹುಣಸೆಬೀಜ. ಅದನ್ನು ಕಂಡುಹಿಡಿದ ತರಗತಿಯಲ್ಲೇ, ಕಿಟಕಿಯ ಪಕ್ಕ, ನಾನಿನ್ನೂ ಕೆಲಸದಲ್ಲಿದ್ದೇನೆ.